ತಾಯಂದಿರು ಹೇಳಿದ ಲೆಕ್ಕ

ಟ್ಯಾಂಪಿನೀಸ್, ಸಿಂಗಪುರ
೧೮ ಆಗಸ್ಟ್ ೨೦೦೭, ಶನಿವಾರ

ಸೌಭಾಗ್ಯವತಿ ಗಿರಿಜಾಗೆ,

ನೀನು ಬೈಯುವ ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ. ಮಗಳ ಬಾಣಂತನಕ್ಕೆಂದು ನೀನು ಹುಬ್ಬಳ್ಳಿಗೆ ಹೋಗಿ ಆರು ವಾರವಾಯಿತು, ನಾನು ಒಂದು ಸಾಲು ಬರೆದಿಲ್ಲ. ಚಾಂಗಿ ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುತ್ತ ನೀನು ಹೇಳಿದ ಮಾತು ಮರೆತಿಲ್ಲ: "ಫೋನಿನ್ಯಾಗ ನೀವು ಬರೇ ಹೂಂ, ಹಾಂ ಅಂತೀರಿ. ಪತ್ರದಾಗಾದ್ರ ಮನಿಷ್ಯಾರಂಗ ಮಾತಾಡ್ತೀರಿ. ಬರೀರಿ." ಬರೆಯಬೇಕೆಂದೇ ಇದ್ದೆ. ನಡುವೆ ಆಫೀಸಿನಲ್ಲಿ ಒಂದು ಜಗಳ ಹತ್ತಿಕೊಂಡಿತು. ಅದೇ ಕಾರಣಕ್ಕೆ ಹದಿನೈದು ದಿನ ಒಂದು ಬೆಟ್ಟದ ದೇಶಕ್ಕೂ ಹೋಗಿ ಬರಬೇಕಾಯಿತು. ಆ ಜಗಳ ನಿನ್ನೆ ಮುಗಿಯಿತು. ನಾನೇ ಗೆದ್ದೆ ಎನ್ನಬಹುದು. ಆದ್ದರಿಂದ ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ನೀನು ಡಬ್ಬಿಯಲ್ಲಿ ತುಂಬಿಟ್ಟು ಹೋದ ಚಟ್ನಿಪುಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದು, ಖುಷಿಯಿಂದ ಬರೆಯಲು ಕೂತಿದ್ದೇನೆ.

ಮೊಮ್ಮಗಳ ಫೋಟೊ ಬಂತು. ಪ್ರಭುದೇವ ಸೊಲ್ಲಾಪುರದಿಂದ ಸೋದರಸೊಸೆಯನ್ನು ನೋಡಲು ಬಂದವನು ತೆಗೆದದ್ದಂತೆ. ದನಗಳ ಡಾಕ್ಟರು ಮಗ ತೆಗೆದ ಫೋಟೊ, ಕೂಸಿಗಿಂತ ತೊಟ್ಟಿಲೇ ಚೆನ್ನಾಗಿ ಕಾಣುತ್ತದೆ. ಆದರೂ ಅದನ್ನು ದೊಡ್ಡದು ಮಾಡಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಪಕ್ಕದ ಮನೆಯ ಉಮಾವತಿ ಪತ್ರೊಡೆ ಕೊಡಲು ಬಂದಾಗ ಅದನ್ನು ನೋಡಿ, "ಅಂಕಲ್, ಹಣೆ ಥೇಟ್ ಆಂಟಿದೇ, ಮೂಗು ಮಾತ್ರ ನಿಮ್ಮದು. ಪಾಪ!" ಎಂದಳು. ಉಡುಪಿಯವರು ಹೊಗಳುವುದೂ ಹೀಗೆಯೇ. ಪತ್ರೊಡೆ ಚೆನ್ನಾಗಿತ್ತು, ಆದ್ದರಿಂದ ಕ್ಷಮಿಸಿದೆ.

ಇಲ್ಲಿ ರಾಷ್ಟ್ರೀಯ ದಿನದ ಬಾವುಟಗಳು ಇನ್ನೂ ಕಾರಿಡಾರಿನಲ್ಲಿ ಹಾಗೇ ಇವೆ. ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಚದುರಂಗ ಆಡುವ ಮುದುಕರಿಗೆ ಈಗ ಒಂದೇ ಮಾತು: ಯಾವ ಬ್ಲಾಕ್ ಮಾರಾಟಕ್ಕೆ ಹೋಯಿತು, ಯಾರು ಕಾಂಡೋಗೆ ಶಿಫ್ಟ್ ಆದರು. ಎಂ.ಆರ್.ಟಿ. ರೈಲಿನಲ್ಲಿ ಊರಿನ ನಡುವಿಗೆ ಹೋದರೆ ಕಿಟಕಿಯ ತುಂಬ ಕ್ರೇನುಗಳು. ಪತ್ರಿಕೆ ಬಿಡಿಸಿದರೆ ಶೇಕಡಾ ಇಷ್ಟು ಏರಿತು, ಅಷ್ಟು ಏರಿತು. ಏರಲಿ, ಸಂತೋಷ. ಆದರೆ ನನಗೆ ವಯಸ್ಸಾಗಿದೆ, ನೆನಪು ಮಾತ್ರ ಸವೆದಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಇದೇ ಪತ್ರಿಕೆಗಳು, ಇನ್ನು ಅಲ್ಲಿಯ ಜನಕ್ಕೆ ಒಳ್ಳೆಯ ದಿನ ಬಂತು ಎಂದು ಮುಖಪುಟದಲ್ಲಿ ಬರೆದಿದ್ದವು. ಮುಂದಿನ ನಾಲ್ಕೈದು ವರ್ಷಗಳಲ್ಲಿ ರಷ್ಯದ ಗಂಡಸರ ಆಯುಷ್ಯ ಸುಮಾರು ಆರು ವರ್ಷ ಕುಸಿಯಿತು. ಯುದ್ಧವಿಲ್ಲ, ಪ್ಲೇಗಿಲ್ಲ, ಸುಮ್ಮನೆ ಕುಸಿಯಿತು. ಅದು ಒಳಪುಟದಲ್ಲೂ ಬರಲಿಲ್ಲ. ನಾನು ಆಗ ಬೆಂಗಳೂರಿನ ಸಂಖ್ಯಾಶಾಸ್ತ್ರ ಇಲಾಖೆಯ ಲೈಬ್ರರಿಯಲ್ಲಿ ಕೂತು ಆ ಅಂಕಿಗಳನ್ನು ಕೈಯಿಂದ ನಕಲು ಮಾಡಿಕೊಂಡಿದ್ದೆ. ನೀನು ಕೇಳಿದ್ದೆ, "ಆ ಮಂದಿ ನಿಮಗೇನ್ ಆಗಬೇಕು?" ಎಂದು.

ಈಗ ಜಗಳದ ಕತೆ. ಪೂರ್ತಿ ಕೇಳು. ಮೂರು ವರ್ಷದಿಂದ ಇಲ್ಲಿ ಸಂಬಳ ತೆಗೆದುಕೊಂಡು ನಾನು ಏನು ಮಾಡುತ್ತೇನೆ ಎಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ ಅನ್ನಿಸುತ್ತದೆ.

ಹಳೆಯ ಸಮಾಜವಾದಿ ವ್ಯವಸ್ಥೆ ಬಿಟ್ಟು ಮಾರುಕಟ್ಟೆಗೆ ಹೊರಳಿದ ದೇಶಗಳು ಇವೆಯಲ್ಲ, ಅಲ್ಲಿಯ ಜನರ ಬಾಳು ಎಷ್ಟು ಹಸನಾಗಿದೆ ಎಂದು ಅಳೆದು, ಒಂದರ ಕೆಳಗೊಂದು ಸಾಲು ಹಚ್ಚಿ, ವರ್ಷಕ್ಕೊಂದು ವರದಿ ತರುವುದು ನಮ್ಮ ಆಫೀಸಿನ ಕೆಲಸ. ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದುತ್ತಾರೆ, ಎಷ್ಟು ಗಳಿಸುತ್ತಾರೆ, ಹುಟ್ಟಿದ ಕೂಸುಗಳಲ್ಲಿ ಎಷ್ಟು ಉಳಿಯುತ್ತವೆ. ಇದನ್ನೆಲ್ಲ ಅರೆದು ಒಂದು ಅಂಕಿ ಮಾಡುತ್ತೇವೆ. ಮನುಷ್ಯನ ಬಾಳನ್ನು ದಶಾಂಶದ ಮೂರನೇ ಸ್ಥಾನದವರೆಗೆ ಹೇಳುವ ಈ ಸೊಕ್ಕು ನನಗೆ ಸೇರುವುದಿಲ್ಲ. ಆದರೆ ಅಳೆಯದೇ ಬಿಟ್ಟರೆ ಮಂತ್ರಿಗಳು ಹೇಳಿದ್ದೇ ನಿಜವಾಗುತ್ತದೆ. ಆದ್ದರಿಂದ ಅಳೆಯುತ್ತೇನೆ.

ಆ ಬೆಟ್ಟದ ದೇಶದ ಹೆಸರು ಬರೆಯುವುದಿಲ್ಲ, ವರದಿ ಹೊರಬರುವವರೆಗೆ ಬಾಯಿ ಮುಚ್ಚಿರಬೇಕೆಂಬ ಕರಾರಿದೆ. ಅಲ್ಲಿ ಹಳೇ ಕಾಲದಿಂದ ಒಂದು ನಿಯಮ. ತಿಂಗಳು ತುಂಬದೆ, ಒಂದು ಕಿಲೋಗಿಂತ ಕಡಿಮೆ ತೂಕದ್ದೋ ಮೂವತ್ತೈದು ಸೆಂಟಿಮೀಟರಿಗಿಂತ ಕುಳ್ಳದ್ದೋ ಆಗಿ ಹುಟ್ಟಿದ ಕೂಸು ಏಳು ದಿನ ಬದುಕಿದರೆ ಮಾತ್ರ ಅದು ಹುಟ್ಟಿತು ಎಂದು ಬರೆಯುತ್ತಾರೆ. ಆರನೆಯ ದಿನ ಹೋದರೆ ಅದು ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಗರ್ಭಪಾತದ ಪುಸ್ತಕದಲ್ಲಿ ಒಂದು ಗೀಟು, ಅಷ್ಟೇ. ಉಳಿದ ಜಗತ್ತಿನ ನಿಯಮ ಬೇರೆ: ಒಂದು ಸಲ ಉಸಿರಾಡಿದರೂ ಅದು ಹುಟ್ಟಿದ ಕೂಸು. ಆ ದೇಶವೂ ಈ ನಿಯಮವನ್ನು ಕಾಗದದ ಮೇಲೆ ಒಪ್ಪಿಕೊಂಡಿದೆ. ಆದರೆ ಆಸ್ಪತ್ರೆಯವರ ಕೈಗೆ ಹಳೆಯದೇ ರೂಢಿ.

ಹೋದ ವರ್ಷ ನಾವು ಅಲ್ಲಿ ಆರು ಸಾವಿರ ತಾಯಂದಿರನ್ನು ಮನೆಗೇ ಹೋಗಿ ಕೇಳಿಸಿದೆವು, ಎಷ್ಟು ಹೆತ್ತಿರಿ, ಎಷ್ಟು ಉಳಿದವು ಎಂದು. ಅವರು ಹೇಳಿದ ಸಾವಿನ ಲೆಕ್ಕ ಸರ್ಕಾರದ ಲೆಕ್ಕದ ಎರಡರಷ್ಟಿತ್ತು. ಅಲ್ಲಿಯ ಮಂತ್ರಾಲಯ ಒಂದೇ ಸಾಲಿನಲ್ಲಿ ಉತ್ತರ ಬರೆಯಿತು: ಹೆಂಗಸರಿಗೆ ಸರಿಯಾಗಿ ನೆನಪಿರುವುದಿಲ್ಲ. ವರದಿಯಲ್ಲಿ ಯಾರ ಲೆಕ್ಕ ಅಚ್ಚಾಗಬೇಕು, ಮಂತ್ರಾಲಯದ್ದೋ ತಾಯಂದಿರದ್ದೋ? ಜಗಳ ಇಷ್ಟೇ.

ನಮ್ಮ ಮುಖ್ಯಸ್ಥ ಪದ್ಮನಾಭನನ್ನು ನೀನು ಬಲ್ಲೆ, ಗಣೇಶನ ಹಬ್ಬಕ್ಕೆ ಬಂದು ನಿನ್ನ ಹೋಳಿಗೆ ಐದು ತಿಂದ ಬೆಂಗಳೂರಿನವ. ಕೆಟ್ಟವನಲ್ಲ. ಆದರೆ ಎಲ್ಲರನ್ನೂ ಖುಷಿಯಾಗಿ ಇಡಬೇಕೆನ್ನುವವನು.

"ಸರ್, ಪ್ಲೀಸ್," ಎಂದ. "ನಿಮ್ಮ ಫಿಗರ್ ಹಾಕಿದ್ರೆ ಇವರ ರ‍್ಯಾಂಕ್ ಹನ್ನೊಂದು ಪ್ಲೇಸ್ ಡ್ರಾಪ್ ಆಗುತ್ತೆ. ಒಂದೇ ವರ್ಷದಲ್ಲಿ ಇಷ್ಟು ಮಕ್ಕಳು ಸತ್ತು ಹೋದ್ರಾ ಅಂತ ಪೇಪರ್‌ನವರು ಕೇಳಲ್ವಾ?"

"ಸತ್ತದ್ದು ಈ ವರ್ಷ ಅಲ್ಲ, ಪದ್ಮನಾಭ. ಮೊದಲಿಂದಲೂ ಸಾಯ್ತಾನೇ ಇದ್ರು. ಬರೆಯೋದು ಈ ವರ್ಷ."

"ಮದರ್ಸ್ ಹೇಳೋದನ್ನ ಹೇಗೆ ನಂಬೋದು ಸರ್? ಮೆಮೊರಿ ಎರರ್ ಇರುತ್ತೆ. ಸ್ಟ್ಯಾಂಡರ್ಡ್ ಲಿಟರೇಚರ್‌ನಲ್ಲೇ ಇದೆ."

"ಹೆತ್ತದ್ದನ್ನ ಮರೆತ ತಾಯಿ ಯಾವ ಲಿಟರೇಚರ್‌ನಲ್ಲಿ ಇದ್ದಾಳೆ, ತೋರಿಸು. ಇವತ್ತೇ ರಾಜೀನಾಮೆ ಕೊಡ್ತೀನಿ."

ನನ್ನ ದನಿ ಎಷ್ಟು ಏರಿತ್ತೆಂದರೆ ಗಾಜಿನ ಗೋಡೆಯ ಆಚೆ ನಿಶ್ಮಿತಾ ಎದ್ದು ನಿಂತಿದ್ದಳು. ಬುಕಿತ್ ಬಾಟೋಕ್‌ನಲ್ಲಿ ಇರುವ ತುಳುವರ ಹುಡುಗಿ, ನನ್ನ ಕೈಕೆಳಗೆ ಅಂಕಿಗಳನ್ನು ನೋಡಿಕೊಳ್ಳುತ್ತಾಳೆ. ಹೊರಗೆ ಬಂದಾಗ ನೀರಿನ ಲೋಟ ಹಿಡಿದು ನಿಂತಿದ್ದಳು. "ಅಂಕಲ್, ಬಿಪಿ ಮಾತ್ರೆ ತಗೊಂಡ್ರಾ? ಆಂಟಿ ನನಗೆ ಡ್ಯೂಟಿ ಹಾಕಿ ಹೋಗಿದಾರೆ. ನೀವು ಫೈಟ್ ಮಾಡಿ, ಬಟ್ ಕೂತ್ಕೊಂಡು ಮಾಡಿ ಲಾ!" ಎಂದಳು. ನೀನು ಹೋಗುವಾಗಲೇ ನನ್ನ ಮೇಲೆ ಕಾವಲು ಹಾಕಿದ್ದು ನನಗೆ ಆಗ ಗೊತ್ತಾಯಿತು.

ಕೊನೆಗೆ ಪದ್ಮನಾಭನೇ ಒಂದು ದಾರಿ ತೆಗೆದ. "ಅಲ್ಲಿಗೇ ಹೋಗಿ ಬನ್ನಿ. ಬರವಣಿಗೆಯಲ್ಲಿ ಏನಾದ್ರೂ ಪ್ರೂಫ್ ಸಿಕ್ಕಿದ್ರೆ ನಾನೇ ಸೈನ್ ಮಾಡ್ತೀನಿ. ಸಿಗದಿದ್ರೆ ಮಿನಿಸ್ಟ್ರಿ ಫಿಗರ್. ಡೀಲ್?"

ಹಾಗೆ ಹೋದದ್ದು. ಮೊದಲ ಹತ್ತು ದಿನ ಕಚೇರಿಗಳಲ್ಲಿ ಚಹಾ ಕುಡಿಸಿದರು. ಆಮೇಲೆ ರಾಜಧಾನಿಯಿಂದ ಏಳು ತಾಸು ಜೀಪಿನಲ್ಲಿ ಹೋಗಿ ಒಂದು ತಾಲ್ಲೂಕು ಹೆರಿಗೆಮನೆ ಸೇರಿದೆವು. ಗರ್ಭಪಾತದ ಪುಸ್ತಕ ಕೇಳಿದೆ, ಕೊಟ್ಟರು. ಅದನ್ನು ತಿರುವುತ್ತ ಹೋದೆ. ತೂಕದ ಕಾಲಂನಲ್ಲಿ ಒಂಬೈನೂರ ತೊಂಬತ್ತು ಗ್ರಾಂ, ಒಂಬೈನೂರ ತೊಂಬತ್ತು, ಮತ್ತೆ ಒಂಬೈನೂರ ತೊಂಬತ್ತು. ಉದ್ದ ಮೂವತ್ನಾಲ್ಕು, ಮೂವತ್ನಾಲ್ಕು. ದೇವರು ಕೂಸುಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಾನೆಯೇ? ಒಂದು ಕಿಲೋ ದಾಟಿದ ಕೂಸು ಸತ್ತರೆ ಅದನ್ನು ಶಿಶುಮರಣ ಎಂದು ಬರೆಯಬೇಕು, ಮೇಲಿನವರು ವಿವರಣೆ ಕೇಳುತ್ತಾರೆ. ಹತ್ತು ಗ್ರಾಂ ಕಡಿಮೆ ಬರೆದರೆ ಯಾರೂ ಕೇಳುವುದಿಲ್ಲ.

ಅಲ್ಲಿಯ ಸೂಲಗಿತ್ತಿ ನರ್ಸು ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಎರಡು ಬಂಗಾರದ ಹಲ್ಲು. ನಾನು ಪುಸ್ತಕ ನೋಡುವುದನ್ನೇ ನೋಡುತ್ತ ನಿಂತಿದ್ದಳು. ದುಭಾಷಿಯ ಮೂಲಕ, "ಇವರು ಡಾಕ್ಟರೋ?" ಎಂದು ಕೇಳಿದಳು. ಅಲ್ಲ, ಎಣಿಸುವವನು ಎಂದೆ. ಅವಳು ಒಳಗೆ ಹೋಗಿ, ಬಟ್ಟೆಗಳ ಬೀರುವಿನಿಂದ ಒಂದು ಶಾಲೆ ಮಕ್ಕಳ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಹನ್ನೆರಡು ವರ್ಷದ್ದು, ಇನ್ನೂರ ಹನ್ನೆರಡು ಕೂಸುಗಳು. ತಾಯಿಯ ಹೆಸರು, ತಾರೀಖು, ನಿಜವಾದ ತೂಕ, ಎಷ್ಟು ತಾಸು ಬದುಕಿತು. ಆಸ್ಪತ್ರೆಯ ಪುಸ್ತಕದಲ್ಲಿ ಒಂಬೈನೂರ ತೊಂಬತ್ತು ಗ್ರಾಂ ಆಗಿದ್ದ ಗಂಡುಕೂಸು ಇಲ್ಲಿ ಸಾವಿರದ ನಾನೂರ ಐವತ್ತಿತ್ತು. ನಾಲ್ಕು ದಿನ ಬದುಕಿತ್ತು. "ಯಾಕೆ ಬರೆದಿಟ್ಟಿ ತಾಯಿ?" ಎಂದು ಕೇಳಿಸಿದೆ. "ನಾನು ಅವನ್ನು ಎತ್ತಿಕೊಂಡಿದ್ದೆನಲ್ಲ," ಎಂದಳಂತೆ. ದುಭಾಷಿ ಹುಡುಗಿ ಅದನ್ನು ಎರಡು ಸಲ ಹೇಳಿದಳು.

ಇಲ್ಲಿ ಬಂದ ಮೇಲೆ ನಿಶ್ಮಿತಾ ಆ ಊರಿನ ತಾಯಂದಿರು ನಮ್ಮ ಸಮೀಕ್ಷೆಯಲ್ಲಿ ಹೇಳಿದ್ದನ್ನೂ ನಾನು ತಂದ ನೋಟ್‌ಬುಕ್ಕಿನ ನಕಲನ್ನೂ ಎದುರುಬದುರು ಇಟ್ಟು ತಾಳೆ ನೋಡಿದಳು. ಮೂರು ದಿನ ಹಿಡಿಯಿತು. ನಮ್ಮ ಪಟ್ಟಿಯಲ್ಲಿ ಸಿಕ್ಕ ಹತ್ತೊಂಬತ್ತು ತಾಯಂದಿರಲ್ಲಿ ಹದಿನೆಂಟು ಜನ ತಾರೀಖು ಸಮೇತ ಸರಿ ಹೇಳಿದ್ದರು. ಒಬ್ಬಳು ತಾರೀಖು ಮಾತ್ರ ಒಂದು ದಿನ ತಪ್ಪಿದ್ದಳು. "ಅಂಕಲ್, ನಂಗೆ ನಮ್ಮ ಬಾಸ್ ಬರ್ತ್‌ಡೇನೂ ನೆನಪಿರಲ್ಲ," ಎಂದಳು ನಿಶ್ಮಿತಾ. ಕಣ್ಣು ಒರೆಸಿಕೊಂಡೇ ತಮಾಷೆ.

ನಿನ್ನೆ ಆ ದೇಶದ ಅಂಕಿಸಂಖ್ಯೆ ಕಚೇರಿಯ ಹಿರಿಯ ಅಧಿಕಾರಿಣಿ ಬಂದಿದ್ದರು, ವರದಿಗೆ ಕೊನೆಯ ಒಪ್ಪಿಗೆ ಕೊಡಲು. ನಾನು ಯುದ್ಧಕ್ಕೆ ಸಿದ್ಧನಾಗಿ ಹೋಗಿದ್ದೆ, ಎರಡು ಪುಟ ಭಾಷಣ ಜೇಬಿನಲ್ಲಿತ್ತು. ಆಕೆ ನಿಶ್ಮಿತಾಳ ಕೋಷ್ಟಕವನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪದ್ಮನಾಭ ಎ.ಸಿ. ಕಡಿಮೆ ಮಾಡಲೇ ಎಂದು ಕೇಳಿದ, ಪಾಪ, ಅವನಿಗೆ ಏನಾದರೂ ಹೇಳಬೇಕಿತ್ತು.

ಆಮೇಲೆ ಆಕೆ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನಾನು ಮೊದಲು ಆಸ್ಪತ್ರೆಯಲ್ಲಿ ಗುಮಾಸ್ತೆಯಾಗಿದ್ದೆ. ದುರ್ಬಲ ಕೂಸು ಹುಟ್ಟಿದರೆ ಪೆನ್ಸಿಲ್ಲಿನಲ್ಲಿ ಬರೆ, ಏಳು ದಿನ ಕಳೆದ ಮೇಲೆ ಶಾಯಿ ಹಚ್ಚು ಎಂದು ಕಲಿಸಿದ್ದರು. ಒಂಬತ್ತು ವರ್ಷ ಮಾಡಿದೆ. ನನ್ನ ರಬ್ಬರು ಬೇಗ ಸವೆಯುತ್ತಿತ್ತು." ಕನ್ನಡಕ ಹಾಕಿಕೊಂಡರು. "ತಾಯಂದಿರ ಲೆಕ್ಕವನ್ನೇ ಅಚ್ಚು ಮಾಡಿ. ನಮ್ಮದನ್ನು ಕೆಳಗೆ ಅಡಿಟಿಪ್ಪಣಿಯಲ್ಲಿ ಹಾಕಿ. ಮಂತ್ರಿಗಳಿಗೆ ನಾನು ಹೇಳುತ್ತೇನೆ. ನನಗೆ ನಿವೃತ್ತಿಗೆ ಎಂಟು ತಿಂಗಳಿದೆ, ಬೈದರೆ ಎಂಟು ತಿಂಗಳು ಬೈಯುತ್ತಾರೆ."

ನನ್ನ ಭಾಷಣ ಜೇಬಿನಲ್ಲೇ ಉಳಿಯಿತು. ಪದ್ಮನಾಭ ಮಾತಿನಂತೆ ಅಲ್ಲೇ ಸಹಿ ಹಾಕಿದ. ಮಧ್ಯಾಹ್ನ ಹಾಕರ್ ಸೆಂಟರಿನಲ್ಲಿ ನನ್ನ ತಟ್ಟೆಗೆ ತಾನೇ ದೋಸೆ ತಂದಿಟ್ಟು, "ಸರ್, ನೀವು ಗೆದ್ರಿ. ಆ ದೇಶದವರು ಮುಂದಿನ ವರ್ಷ ನಮ್ಮನ್ನ ಒಳಗೆ ಬಿಟ್ಕೊಳ್ಳಲ್ಲ, ಅದು ಬೇರೆ ವಿಷಯ," ಎಂದು ನಕ್ಕ. ನಾನೂ ನಕ್ಕೆ. ಹನ್ನೊಂದು ಸ್ಥಾನ ಕೆಳಗೆ ಇಳಿದ ಆ ದೇಶಕ್ಕೆ ಹೊಸ ತೊಟ್ಟಿಲುಗಳು, ತಿಂಗಳು ತುಂಬದ ಕೂಸುಗಳನ್ನು ಬೆಚ್ಚಗಿಡುವ ಬಿಸಿಪೆಟ್ಟಿಗೆಗಳು ಬೇಕೆಂದು ಯಾರಾದರೂ ಓದಿ ತಿಳಿಯಬಹುದು. ಇಲ್ಲದ ಕೂಸುಗಳಿಗೆ ಯಾರು ಪೆಟ್ಟಿಗೆ ಕೊಡುತ್ತಾರೆ? ಮೂವತ್ತೈದು ವರ್ಷದ ನೌಕರಿಯಲ್ಲಿ ಇಷ್ಟು ಹಗುರಾಗಿ ಮನೆಗೆ ಬಂದ ದಿನಗಳು ಕಡಿಮೆ. ಟ್ಯಾಂಪಿನೀಸ್ ಸ್ಟೇಷನ್ನಿನಿಂದ ಬಸ್ಸು ಹತ್ತದೆ ನಡೆದೇ ಬಂದೆ.

ಇನ್ನು ನಿನ್ನ ಪ್ರಶ್ನೆಗಳಿಗೆ ಉತ್ತರ. ಹಾಲು ಕೆಡಿಸಿಲ್ಲ. ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೇನೆ, ನಾನು ಊರಿಗೆ ಬಂದಾಗ ಉಮಾವತಿ ಹಾಕುತ್ತಾಳೆ. ನಾಮಕರಣಕ್ಕೆ ಇಪ್ಪತ್ನಾಲ್ಕಕ್ಕೇ ಹೊರಡುತ್ತೇನೆ, ಟಿಕೆಟ್ ಬುಕ್ ಮಾಡಿದೆ. ಈ ಪತ್ರ ನನಗಿಂತ ಒಂದೆರಡು ದಿನ ಮೊದಲು ನಿನ್ನ ಕೈ ಸೇರಲಿ ಎಂದು ಬೇಗದ ಅಂಚೆಯಲ್ಲಿ ಹಾಕುತ್ತಿದ್ದೇನೆ. ಸುರೇಖಾಗೆ ಹೇಳು, ಬಾಣಂತಿ ಹೆಚ್ಚು ಓದಬಾರದು ಎನ್ನುವವರ ಮಾತು ಕೇಳಬೇಡ, ಅವಳು ಕೇಳಿದ ಎರಡು ಪುಸ್ತಕ ತರುತ್ತಿದ್ದೇನೆ. ಕೂಸಿಗೆ ನೂರು ವರ್ಷ ಆಯುಷ್ಯವಿರಲಿ, ಒಳ್ಳೆಯ ನಿದ್ದೆ ಇರಲಿ, ಅಜ್ಜಿಯ ಹಣೆಯಲ್ಲದೆ ಅಜ್ಜಿಯ ತಾಳ್ಮೆಯೂ ಬರಲಿ. ಬಸವಣ್ಣ ತಾಯಿ-ಮಗಳಿಬ್ಬರನ್ನೂ ಕಾಯಲಿ.

ನಿನ್ನ
ತಿಪ್ಪಣ್ಣ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದೆ. ಬರೆಯಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೇನೆ.

ಎಂಬತ್ತೊಂದರ ಜನಗಣತಿ, ಗದಗಿನ ನಮ್ಮ ಬಾಡಿಗೆ ಮನೆ. ಎಣಿಕೆಗೆ ಬಂದಿದ್ದ ಅಚ್ಯುತ ಮಾಸ್ತರರು ನಾನೇ ತರಬೇತಿ ಕೊಟ್ಟವರು. ಎಷ್ಟು ಮಕ್ಕಳು ಎಂಬುದನ್ನು ಹೆಂಗಸರನ್ನೇ ಕೇಳಿ, ಗಂಡಂದಿರನ್ನಲ್ಲ, ಸತ್ತವನ್ನೂ ಬಿಡಬೇಡಿ ಎಂದು ನಲವತ್ತು ಮಾಸ್ತರರಿಗೆ ಕರಿಹಲಗೆಯ ಮೇಲೆ ಬರೆದು ಹೇಳಿದ್ದೆ. ಅವರು ಕೇಳಿದರು, "ಅಕ್ಕಾರ, ಇದುವರೆಗೂ ಒಟ್ಟು ಎಷ್ಟು ಹೆತ್ತೀರಿ?" ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು "ಮೂರು" ಎಂದೆ. ನಾನು "ಎರಡು ಬರೀರಿ" ಎಂದೆ. ಮಾಸ್ತರರು ನನ್ನ ಮುಖ ನೋಡಿದರು. "ಅಕ್ಕಾರು ಮೂರು ಅಂದ್ರಲ್ರಿ ಸರ?" "ಬರೀರಿ ಅಂದೆ." ಬರೆದರು. ನೀನು ಒಳಗೆ ಹೋದೆ. ಅಂದು ಏನೂ ಹೇಳಲಿಲ್ಲ, ಇಪ್ಪತ್ತಾರು ವರ್ಷ ಏನೂ ಹೇಳಲಿಲ್ಲ.

ಎಪ್ಪತ್ತಾರರಲ್ಲಿ ವಿಜಾಪುರದ ಆಸ್ಪತ್ರೆಯಲ್ಲಿ ಅವಳು ಐದು ದಿನ ಇದ್ದಳು. ಹೆಸರಿಡುವ ಮೊದಲೇ ಹೋದದ್ದು ಲೆಕ್ಕಕ್ಕಿಲ್ಲ ಎಂದು ಅವ್ವ ಹೇಳಿದಳು, ನನಗೂ ಅದೇ ಹಗುರವೆನಿಸಿತು. ಮಣ್ಣು ಕೊಡಲು ನಾನೊಬ್ಬನೇ ಹೋಗಿದ್ದೆ. ನಿನ್ನನ್ನು ಕರೆದೊಯ್ಯಲಿಲ್ಲ. ಆ ಜಾಗವನ್ನೂ ನಿನಗೆ ತೋರಿಸಲಿಲ್ಲ.

ನಿನ್ನೆ ಸಂಜೆ ಲಿಫ್ಟಿನಲ್ಲಿ ನಿಶ್ಮಿತಾ ಸಹಜವಾಗಿ ಕೇಳಿದಳು, "ಅಂಕಲ್, ನಿಮಗೆ ಎಷ್ಟು ಜನ ಮಕ್ಕಳು?" "ಇಬ್ಬರು," ಎಂದೆ. ಬೆಳಿಗ್ಗೆ ಆ ಸಭೆಯಲ್ಲಿ ಕೂತು ಬಂದವನ ಬಾಯಿಗೆ ಅದೇ ಬಂತು. ಸೋಮವಾರ ಅವಳಿಗೆ ತಿದ್ದಿ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು: ಗಿರಿಜಾ, ನೀನು ಮೂರು ಅಂದದ್ದು ನನಗೆ ಕೇಳಿಸಿತ್ತು.